ಗಿಡ್ಡಕ್ಕ ಹಾಕಿದ ಬೀಗ

ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ರೆ ನನ್ನ ನಾಲಿಗೆ ಇಲ್ಲೇ ಉದುರಿ ಬೀಳ್ಲಿ, ನೀವೇ ಎತ್ತಿ ನಾಯಿಗೆ ಹಾಕಿ. ಆ ಡಂಪರ್ ಎಷ್ಟು ದೊಡ್ದು ಅನ್ನೋದ್ರಲ್ಲಿ ಮಾತ್ರ ಒಂಚೂರು ಹೆಚ್ಚುಕಮ್ಮಿ ಆಗ್ಬೋದು, ಯಾಕಂದ್ರೆ ಅದನ್ನ ಒಂದೇ ಸಲಕ್ಕೆ ಪೂರ್ತಿ ನೋಡಿದವರು ಯಾರೂ ಇಲ್ಲ. ಮುಂದಿನ ಚಕ್ರಕ್ಕೆ ಮಳೆ ಹೊಡೀತಿದ್ರೆ ಹಿಂದಿನ ಚಕ್ರದ ಹತ್ರ ಜನ ಬಟ್ಟೆ ಒಣಗಿಸ್ತಿದ್ರು. ಅಷ್ಟು ಅಂತ ಇಟ್ಕೊಳ್ಳಿ.

ಗಿಡ್ಡಕ್ಕ ಒಂದು ಗಣೀಲಿ ಅದಿರು ಹೊರೋ ಡಂಪರ್ ಲಾರಿ ಓಡಿಸೋಳು. ಆಳು ಮೊಳದುದ್ದ, ಬಾಯಿ ಮಾರುದ್ದ. ಅವಳು ಓಡಿಸ್ತಿದ್ದ ಹಳೇ ಡಂಪರು ಮುದಿಯಾಗಿ ಗುಜರಿಗೆ ಹೊರಟಿತ್ತು. ಹೊಸದು ತಗೋಬೇಕು ಅಂತ ಗಣಿಯವರು ಎರಡು ಕಂಪನಿಗೆ ಹೇಳಿ ಕಳಿಸಿದ್ರು. ಎರಡೂ ಕಂಪನಿ ಒಂದೊಂದು ಡಂಪರ್ ತಂದು ನಿಲ್ಲಿಸ್ತು, ಓಡಿಸಿ ನೋಡಿ ಅಂತ. ಕಂಪನಿ ಹೆಸರು ಹೇಳೋಕೆ ಹೋದ್ರೆ ಹಲ್ಲು ಸಡಿಲ ಆಗ್ತಿತ್ತು. ಅದಕ್ಕೆ ಎಲ್ರೂ ಬಣ್ಣ ನೋಡಿ ಹೆಸರಿಟ್ರು, ಒಂದು ಕೆಂಪು, ಒಂದು ನೀಲಿ.

ಆ ವಾರ ಟೀ ಕುಡಿಯೋ ಶೆಡ್ಡಲ್ಲಿ ಬೇರೆ ಮಾತೇ ಇಲ್ಲ.

"ನೀಲಿ ಅಂದ್ರೆ ತೊಟ್ಲು ಕಣ್ರೋ! ಸೀಟು ಹಿಂದೆ ಮುಂದೆ ಸರಿಯುತ್ತೆ, ತಣ್ಣಗೆ ಗಾಳಿ ಬರುತ್ತೆ" ಅಂದ ಡೊಳ್ಳಪ್ಪ. ಅವನ ಹೊಟ್ಟೆ ಅವನಿಗಿಂತ ಮೊದ್ಲು ಡ್ಯೂಟಿಗೆ ಬರ್ತಿತ್ತು.

"ತೊಟ್ಲು ಸರಿ, ಏರು ಹತ್ತುತ್ತಾ? ಏರು ಕಂಡ್ರೆ ಮಾವನ ಮನೇಲಿರೋ ಸೋಮಾರಿ ಅಳಿಯ ಅದು. ಉಸ್ಸಪ್ಪ ಅಂತ ಕೂತ್ಬಿಡುತ್ತೆ" ಅಂದ ಏಣಿ. ಅವನು ಉದ್ದ, ಎಷ್ಟುದ್ದ ಅಂದ್ರೆ ತಲೆಗೆ ನೆಗಡಿ ಆದ್ರೆ ಕಾಲಿಗೆ ಸುದ್ದಿ ಮುಟ್ಟೋದ್ರಲ್ಲಿ ನೆಗಡಿ ವಾಸಿ ಆಗ್ತಿತ್ತು.

"ಹಂಗಂತ ಕೆಂಪನ್ನ ಹೊಗಳ್ಬೇಡ. ಅದಕ್ಕೊಂದು ಬೋಲ್ಟು ಬೇಕಂದ್ರೆ ಸಮುದ್ರ ದಾಟಿ ಬರ್ಬೇಕು. ಈಗ ಕೇಳಿದ್ರೆ ಮೊಮ್ಮಗನ ಕೈಗೆ ಸಿಗುತ್ತೆ" ಅಂದ ಡೊಳ್ಳಪ್ಪ.

ಗಿಡ್ಡಕ್ಕ ಲೋಟ ಕೆಳಗಿಟ್ಟಳು. "ನಾನು ಏಣಿ ಪಕ್ಕ ಕೂತು ಕೆಂಪಲ್ಲಿ ಹೋಗ್ಬಂದೆ ಕಣ್ರೋ. ಹೊಟ್ಟೆ ತುಂಬ ಅದಿರು ತುಂಬ್ಕೊಂಡು ಆ ಏರನ್ನ ಹತ್ತಿದ್ದು ನೋಡಿ... ನೆಂಟರ ಮನೆ ಮೆಟ್ಲು ಹತ್ತಿದ ಹಂಗೆ. ಇಳಿಜಾರಲ್ಲಿ ಬ್ರೇಕು ಒತ್ತಿದ್ರೆ ಬಂಡೆ ನಿಂತ ಹಂಗೆ ನಿಲ್ಲುತ್ತೆ. ನಂಗೆ ಕೆಂಪೇ."

ಆದ್ರೆ ಕೆಂಪು ಡಂಪರಿನ ಸೀಟು ಬೇರು ಬಿಟ್ಕೊಂಡಿತ್ತು. ಮುಂದೆ ಬರಲ್ಲ, ಮೇಲೆ ಏಳಲ್ಲ. ಗಿಡ್ಡಕ್ಕ ತುದೀಲಿ ಕೂತ್ರೆ ಕಾಲು ಬ್ರೇಕಿಗೆ ಸಿಗ್ತಿತ್ತು, ಕಣ್ಣಿಗೆ ಆಕಾಶ ಬಿಟ್ರೆ ಏನೂ ಕಾಣ್ತಿರ್ಲಿಲ್ಲ. ದಿಂಬು ಹಾಕಿ ಕೂತ್ರೆ ರಸ್ತೆ ಕಾಣ್ತಿತ್ತು, ಕಾಲು ಗಾಳೀಲಿ ಉಯ್ಯಾಲೆ.

ಮ್ಯಾನೇಜರು ಮಾರನೇ ದಿನ ಎಲ್ರನ್ನೂ ನಿಲ್ಲಿಸಿ ಹೇಳಿದ್ರು. "ಕೆಂಪೇ ಫಿಕ್ಸು. ಕಾಲು ಎಟುಕದವರು ಡ್ರೈವರ್ ಕಾರ್ಡು ಕೊಟ್ಟು ಗೇಟಲ್ಲಿ ಹೆಲ್ಮೆಟ್ ಎಣಿಸೋಕೆ ಕೂತ್ಕೊಳಿ." ಎಟುಕದವರು ಅಂದ್ರೆ ಇನ್ಯಾರು? ಇದ್ದದ್ದು ಅವಳೊಬ್ಳೇ.

"ಸಾರ್, ಕಾಲು ನಾನು ಹುಟ್ಟುವಾಗ್ಲೇ ತಂದಿದ್ದು, ಸೀಟು ಮೊನ್ನೆ ಬಂದಿದ್ದು. ಯಾವುದು ಯಾವುದಕ್ಕೆ ಹೊಂದ್ಕೋಬೇಕು?"

"ನಿನ್ನೊಬ್ಳಿಗೋಸ್ಕರ ಅಷ್ಟು ದೊಡ್ಡ ಕಂಪನಿ ಸೀಟು ಬಿಚ್ಚುತ್ತೇನಮ್ಮ? ಬೇಕಾದ್ರೆ ನೀನೇ ಎತ್ತರ ಆಗು!"

ಕಾರ್ಡು ಕಿತ್ಕೊಂಡ್ರು. ಗ್ಲೌಸು ಇಸ್ಕೊಂಡ್ರು. ಮಾತಾಡೋ ವಾಕಿಟಾಕೀನೂ ಇಸ್ಕೊಂಡ್ರು.

ಸಂಜೆ ಮನೇಲಿ ಗಂಡ ಪಾತ್ರೆ ಒರೆಸ್ತಾ ಮೆಲ್ಲಗೆ ಶುರು ಮಾಡಿದ. ಅವನು ಅದೇ ಗಣೀಲಿ ಟೈರ್ ಬಿಚ್ಚಿ ಹಾಕೋನು, ಎಲ್ರ ಬಾಯಲ್ಲೂ ಟೈರಣ್ಣ. ಇರುವೆ ಅಡ್ಡ ಬಂದ್ರೂ ದಾರಿ ಕೇಳೋ ಆಸಾಮಿ.

"ಹೆಲ್ಮೆಟ್ ಎಣಿಸೋದೂ ಕೆಲ್ಸಾನೇ ಅಲ್ವೇನೆ? ನೆರಳಲ್ಲಿ ಕೂರ್ಬೋದು."

"ನೆರಳು ಬೇಕಂದ್ರೆ ನಿಮ್ ಟೈರ್ ಹಿಂದೆ ಕೂರ್ತೀನಿ ಕಣ್ರೀ. ನಂಗೆ ಬೇಕಿರೋದು ಆ ಏರು" ಅಂದು ಅವಳು ಸೊಂಟಕ್ಕೆ ಕೈ ಇಟ್ಟಳು. ಕೈಗೆ ತಣ್ಣಗೆ ಏನೋ ತಗುಲ್ತು. ಬೀಗ!

ಈ ಬೀಗದ ವಿಷಯ ನಿಮಗೆ ಗೊತ್ತಿರಲ್ಲ, ಹೇಳ್ತೀನಿ. ಆ ಗಣೀಲಿ ಕೆಲಸ ಮಾಡೋ ಒಬ್ಬೊಬ್ಬರಿಗೂ ಸ್ವಂತ ಬೀಗ ಇತ್ತು. ಗಾಡೀಲಿ ತೊಂದರೆ ಕಂಡವರು ಅದರ ಮೇನ್ ಸ್ವಿಚ್ಚಲ್ಲಿರೋ ತೂತಿಗೆ ತಮ್ಮ ಬೀಗ ಜಡೀಬೇಕು, ಬೀಗ ಇರೋ ತನಕ ಗಾಡಿ ಶುರುವಾಗಲ್ಲ. ಹಾಕಿದವರೇ ತೆಗೀಬೇಕು, ಅದೂ ತೊಂದರೆ ಸರಿಯಾದ್ಮೇಲೆ. ಬೇರೆಯವರು ಮುಟ್ಟಿದ್ರೆ ಅವತ್ತೇ ಕೆಲಸದಿಂದ ಔಟು. ಕೆಳಗೆ ಆಳು ಮಲಗಿ ರಿಪೇರಿ ಮಾಡ್ತಿದ್ದಾಗ ಮೇಲೆ ಯಾರೋ ಗಾಡಿ ಶುರು ಮಾಡಿದ್ರಂತೆ ಹಿಂದೊಮ್ಮೆ. ಅವತ್ತಿಂದ ಈ ಕಟ್ಟಳೆ. ಗೋಡೆ ಮೇಲೆ ಆನೆ ಗಾತ್ರದ ಅಕ್ಷರದಲ್ಲಿ ಬರೆಸಿದ್ದು ಇದೇ ಮ್ಯಾನೇಜರು. ಎಲ್ಲಾ ಕಿತ್ಕೊಂಡ ಪುಣ್ಯಾತ್ಮ ಬೀಗ ಒಂದನ್ನ ಮರೆತಿದ್ದ.

ಮಾರನೇ ಬೆಳಿಗ್ಗೆ ಗಣಿ ಯಜಮಾನಿ ದೊಡ್ಡಮ್ಮ ಡಂಪರ್ ನೋಡೋಕೆ ಬರೋದಿತ್ತು. ಕೆಂಪು ಡಂಪರಿಗೆ ಸ್ನಾನ ಮಾಡಿಸಿ ಮದುಮಗನ ಹಂಗೆ ನಿಲ್ಲಿಸಿದ್ರು. ಗಿಡ್ಡಕ್ಕ ಸೀದಾ ಹೋದಳು, ಟಕ್ ಅಂತ ಬೀಗ ಜಡಿದಳು, ಕೆಳಗಿನ ಮೆಟ್ಲ ಮೇಲೆ ಕೂತು ಊಟದ ಡಬ್ಬಿ ಬಿಚ್ಚಿದಳು.

ಮ್ಯಾನೇಜರು ಓಡಿ ಬಂದ್ರು. "ಏನಮ್ಮ ತೊಂದರೆ ಇದ್ರಲ್ಲಿ?"

"ಸೀಟು ಮುಂದಕ್ಕೆ ಬರಲ್ಲ ಸಾರ್."

"ಅದೂ ಒಂದು ತೊಂದರೇನಾ?"

"ಬ್ರೇಕಿಗೆ ಕಾಲು ಎಟುಕ್ದಿದ್ರೆ ತೊಂದರೆ ಅಲ್ದೆ ಅಲಂಕಾರಾನಾ?"

"ನೀನೀಗ ಡ್ರೈವರೇ ಅಲ್ಲ!"

"ಬೀಗದ ಕೈ ಹಂಗೆ ಅನ್ನಲ್ವಲ್ಲ."

ಕಟ್ಟರ್ ತರೋಕೆ ಹೇಳಿದ್ರು. ಕಟ್ಟರಿನವನು ಬಂದ, ಬೀಗ ನೋಡ್ದ, ಗೋಡೆ ನೋಡ್ದ. "ಸಾರ್, ನೀವೇ ಬರೆಸಿದ್ದು. ಮುಟ್ಟಿದ್ರೆ ನನ್ನ ಕೆಲಸ ಹೋಗುತ್ತೆ. ತಗೊಳ್ಳಿ, ನೀವೇ ಕತ್ತರಿಸಿ" ಅಂತ ಕಟ್ಟರ್ ಚಾಚಿದ. ಮ್ಯಾನೇಜರು ಕೈ ಹಿಂದಕ್ಕೆ ಕಟ್ಕೊಂಡ್ರು.

"ಅವಳ ಗಂಡನ್ನ ಕರೀರಿ!"

ಟೈರಣ್ಣ ಬೆವರು ಸುರಿಸ್ಕೊಂಡು ಬಂದ.

"ಏಳೇ" ಅಂದ.

"ಏಳಲ್ಲ ಕಣ್ರೀ."

ಅವನು ಹೆಂಡತೀನ ನೋಡ್ದ. ಮ್ಯಾನೇಜರನ್ನ ನೋಡ್ದ. ಕೈಯನ್ನ ಪ್ಯಾಂಟಿಗೆ ಒರೆಸ್ಕೊಂಡು ಜೇಬಿಂದ ತನ್ನ ಬೀಗ ತೆಗೆದು ಅವಳ ಬೀಗದ ಪಕ್ಕದ ತೂತಿಗೇ ಜಡಿದ.

"ಏನಯ್ಯಾ! ಟೈರಲ್ಲೂ ತೊಂದರೇನಾ?"

"ಟೈರು ಬಂಗಾರ ಸಾರ್. ಆದ್ರೆ ಇವಳು ದಿನಾ ಡಂಪರ್ ಮೇಲೆ ಕೂಗಾಡಿ ಬಂದ್ರೇನೇ ನಮ್ಮನೇಲಿ ನೆಮ್ಮದಿ. ಅಷ್ಟೂ ಬಾಯಿ ನೇರ ಮನೆಗೇ ಬಂದ್ರೆ ನನ್ ಗತಿ ಏನು?"

ಎಲ್ರೂ ಗೊಳ್ ಅಂತ ನಕ್ರು. ನಗ್ತಾ ನಗ್ತಾ ಏಣಿ ಮುಂದೆ ಬಂದ. "ನನ್ನ ಮಂಡಿ ಸ್ಟೇರಿಂಗಿಗೆ ಬಡೀತಿದೆ, ನಾಚಿಕೆಗೆ ಹೇಳಿರ್ಲಿಲ್ಲ" ಅಂತ ಅವನೂ ಒಂದು ಹಾಕ್ದ. ಡೊಳ್ಳಪ್ಪ ಹೊಟ್ಟೆ ಸವರ್ಕೊಂಡು, "ನಾನು ಒಳಗೆ ಹೋದೆ, ಇದು ಹೊರಗೇ ಉಳೀತು" ಅಂತ ಇನ್ನೊಂದು ಹಾಕ್ದ. ತೂತು ಮುಗಿದ್ಮೇಲೆ ಬೀಗಕ್ಕೇ ಬೀಗ ಕೋದ್ರು. ಸರ ನೆಲ ಮುಟ್ಟಿ ಗೇಟಿನ ಕಡೆ ತಿರುಗ್ತು, ನಂಬಿದ್ರೆ ನಂಬಿ.

ಅಷ್ಟ್ರಲ್ಲಿ ದೊಡ್ಡಮ್ಮ ಕೋಲೂರ್ಕೊಂಡು ಬಂದ್ರು. ಅತ್ತ ಕೆಂಪು ಕಂಪನಿಯವನು, ಇತ್ತ ನೀಲಿ ಕಂಪನಿಯವನು.

ನೀಲಿಯವನಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು. "ಅಮ್ಮಾ, ನಮ್ದರಲ್ಲಿ ಸೀಟು ಬೆಣ್ಣೆ ಸರಿದ ಹಂಗೆ ಸರಿಯುತ್ತೆ! ಈ ಅಕ್ಕನಿಗೆ ನಮ್ದೇ ಸರಿ!"

"ನಿಮ್ ಸೀಟು ಚೆಂದ ಕಣಣ್ಣ" ಅಂದಳು ಗಿಡ್ಡಕ್ಕ. "ಆದ್ರೆ ಅದ್ರಲ್ಲಿ ಕೂತು ಏರು ಹತ್ತೋದ್ರೊಳಗೆ ನನ್ನ ತಲೆ ನರೆಯುತ್ತೆ. ನಂಗೆ ಕೆಂಪೇ ಬೇಕು."

ದೊಡ್ಡಮ್ಮ ಹುಬ್ಬು ಹಾರಿಸಿದ್ರು. "ಬೇಕು ಅಂತೀಯ, ಬೀಗ ಹಾಕಿದೀಯ?"

"ಬೇಕು ಅಂತಾನೇ ಹಾಕಿದ್ದು ದೊಡ್ಡಮ್ಮ. ಬೇಡದ್ದಕ್ಕೆ ಯಾರು ಬೀಗ ಹಾಕ್ತಾರೆ? ಇದರ ಸೀಟು ಸರಿಯೋ ಹಂಗೆ ಮಾಡಿಸಿ, ತೆಗೀತೀನಿ."

ಕೆಂಪಿನವನು ಟೈ ಸರಿ ಮಾಡ್ಕೊಂಡ. "ನೋಡೀಮ್ಮ, ಹೆಡ್ಡಾಫೀಸು ಒಪ್ಬೇಕು, ನಕ್ಷೆ ಬದಲಾಗ್ಬೇಕು... ಮುಂದಿನ ವರ್ಷದ ಮಾಡೆಲಲ್ಲಿ ನೋಡೋಣ."

"ಆಗ್ಲಿ, ಬೀಗಾನೂ ಮುಂದಿನ ವರ್ಷವೇ ತೆಗೀತೀನಿ."

"ಹಾಗಾದ್ರೆ ನಮ್ಮ ಗಾಡಿ ನಾವು ವಾಪಸ್ ತಗೊಂಡೋಗ್ತೀವಿ!"

"ಹೆಂಗೆ, ಹೆಗಲ ಮೇಲಾ?"

ದೊಡ್ಡಮ್ಮನಿಗೂ ನಗು ತಡೀಲಿಲ್ಲ. ಕೋಲನ್ನ ಕೆಂಪಿನವನ ಬೂಟಿನ ಮುಂದೆ ಊರಿದ್ರು. "ಓಡಿಸೋರಿಗೆ ಕೂರೋಕಾಗದ ಗಾಡಿ ನಂಗೇನು ಪ್ರದರ್ಶನಕ್ಕಾ? ನಾಳೆ ಮಧ್ಯಾಹ್ನದೊಳಗೆ ಸೀಟು ಸರೀಬೇಕು. ಇಲ್ಲಾಂದ್ರೆ ನೀಲಿಗೇ ನನ್ನ ರುಜು."

ಮುಂದಿನ ವರ್ಷ ಅಂದ್ನಲ್ಲ, ಅವನ ಫಿಟ್ಟರುಗಳು ಸಂಜೆಗೇ ಬಂದಿಳಿದ್ರು! ಗುಜರೀಲಿದ್ದ ಮುದಿ ಡಂಪರಿನ ಸೀಟಿನ ಹಳಿ ಬಿಚ್ಚಿ ತಂದು ಕೆಂಪಿಗೆ ಕೂರಿಸಿದ್ರು, ಸ್ಟೇರಿಂಗು ಎತ್ತೋಕೆ ಇಳಿಸೋಕೆ ಒಂದು ಹಿಡಿ ಹಾಕಿದ್ರು. ಮಾರನೇ ದಿನ ಏಣಿ ಕೂತು ನೋಡ್ದ, ಬೀಗ ತೆಗೆದ. ಡೊಳ್ಳಪ್ಪನ ಹೊಟ್ಟೆನೂ ಒಳಗೆ ಹೋಯ್ತು, ಅವನೂ ತೆಗೆದ, ಮಿಕ್ಕವರೂ ತೆಗೆದ್ರು. ಕೊನೇಗೆ ಗಿಡ್ಡಕ್ಕ ಹತ್ತಿದಳು. ಕಾಲು ಬ್ರೇಕಿಗೆ ಎಟುಕ್ತು, ಕಣ್ಣು ರಸ್ತೆಗೂ ಎಟುಕ್ತು. ಆಮೇಲೇನೇ ಇಳಿದು ಬಂದು ತನ್ನ ಬೀಗ ಬಿಚ್ಚಿದಳು, ಅವಳ ಹಿಂದೇನೇ ಟೈರಣ್ಣನೂ ಬಿಚ್ಚಿದ.

ಮ್ಯಾನೇಜರು ಕಾರ್ಡು, ಗ್ಲೌಸು, ವಾಕಿಟಾಕಿ ವಾಪಸ್ ಕೊಟ್ಟು ಕೈ ಚಾಚಿದ್ರು. "ಆ ಬೀಗ ಇತ್ತ ಕೊಟ್ಬಿಡಮ್ಮ."

"ಕೊಡಲ್ಲ ಸಾರ್" ಅಂದು ಅವಳು ಅದನ್ನ ಸೊಂಟಕ್ಕೆ ಸಿಕ್ಕಿಸ್ಕೊಂಡಳು.

ಅದಿರು ತುಂಬ್ಕೊಂಡು ಕೆಂಪು ಡಂಪರು ಏರು ಹತ್ತಿದ್ದೇ ಹತ್ತಿದ್ದು. ಅರ್ಧ ದಾರೀಲಿ ಒಂದು ಮೋಡಕ್ಕೆ ಹಾರ್ನ್ ಹೊಡೆದು ಪಕ್ಕಕ್ಕೆ ಸರಿಸಿದಳಂತೆ. ತುದಿ ಮುಟ್ಟಿ ಕೆಳಗೆ ನೋಡಿ, ಇಡೀ ಗಣಿಗೆ ಕೇಳೋ ಹಂಗೆ ವಾಕಿಟಾಕೀಲಿ ಅಂದಳು:

"ಸಾರ್, ಇಲ್ಲಿಂದ ನೋಡಿದ್ರೆ ನೀವೂ ಗಿಡ್ಡಾನೇ!"

ಇಷ್ಟೇ ಕಥೆ. ಏನ್ ನಗ್ತಾ ಇದ್ದೀರಿ? ನೀವೇನೋ ಹಾಯಾಗಿ ಕಾಲು ಚಾಚಿ ಕೂತು ಕೇಳಿದ್ರಿ, ನಾನು ಇಷ್ಟೂ ಹೇಳಿದ್ದು ನಿಂತ್ಕೊಂಡೇ. ಏಳಿ, ಆ ಕುರ್ಚಿ ಇತ್ತ ತಳ್ಳಿ. ಏಳಲ್ವಾ? ಸರಿ ಬಿಡಿ, ಬಲವಂತ ಇಲ್ಲ. ನನ್ನ ಜೇಬಲ್ಲೂ ಒಂದು ಬೀಗ ಇದೆ, ನಿಮ್ಮ ಮನೆ ಬಾಗಿಲೂ ನೋಡಿದೀನಿ.