ಕ್ಯಾಪ್ಟನ್ನನ ಹಳೆಯ ದನಿ

ಹಲ್ಲಿನ ಕಾರ್ಖಾನೆಯಲ್ಲಿ ಊಟದ ಹೊತ್ತಿನ ಟೀವಿ ಪಾಲಿಶ್ ಅಕ್ಕನ ಸುಪರ್ದಿಗೆ ಸೇರಿದ್ದು. ಕಟ್ಟುಹಲ್ಲಿನ ಸೆಟ್ಟುಗಳನ್ನು ಉಜ್ಜಿ ಹೊಳಪು ಕೊಡುವುದು ಅವಳ ಕೆಲಸ. ಬೆಳಗಿನಿಂದ ಧೂಳಿಗೆ ಹೆದರಿ ಬಾಯಿಗೆ ಬಟ್ಟೆ ಬಿಗಿದುಕೊಂಡು ಕೂತವಳು ಮಧ್ಯಾಹ್ನ ಅದನ್ನು ಬಿಚ್ಚಿದಳೆಂದರೆ, ಆ ಬಾಯಿಗೆ ಅಡ್ಡ ಬರುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ರಿಮೋಟು ಒತ್ತುವಳು. ಕ್ಯಾಪ್ಟನ್ ಸೀರಿಯಲ್ ಶುರು.

ಅದು ಎಲ್ಲಿನದೋ ಪರದೇಶದ ಸೀರಿಯಲ್ಲು, ಮಾತು ಮಾತ್ರ ನಮ್ಮದು. ಒಬ್ಬ ಹಡಗಿನ ಕ್ಯಾಪ್ಟನ್, ಮುನಿಸಿಕೊಂಡ ಅವನ ಹೆಂಡತಿ, ಹಡಗನ್ನು ಲಪಟಾಯಿಸಲು ಹೊಂಚು ಹಾಕುವ ಷಡ್ಡಕ. ಈಗ ಎರಡನೆಯ ಭಾಗ ನಡೆಯುತ್ತಿತ್ತು.

“ತಪ್ಪೆಲ್ಲ ಹೆಂಡತಿದೇ,” ಎಂದಳು ಪ್ಯಾಕಿಂಗ್ ಮಾಡುವ ಅತ್ತಿಗೆ. ಅವಳು ಪಾಲಿಶ್ ಅಕ್ಕನ ಅಣ್ಣನ ಹೆಂಡತಿ. ಹಾಗಾಗಿ ಇಡೀ ಕಾರ್ಖಾನೆಗೇ ಅತ್ತಿಗೆ. “ಗಂಡ ನಡುನೀರಲ್ಲಿದ್ದಾನೆ, ಇವಳು ಫೋನ್ ಆಫ್ ಮಾಡ್ಕೊಂಡು ಕೂತಿದ್ದಾಳೆ.”

“ನಮ್ಮಣ್ಣನಿಗೆ ನೀನೂ ಹಾಗೇ ಮಾಡ್ತೀಯಲ್ಲ.”

“ನಿಮ್ಮಣ್ಣ ನಡುನೀರಲ್ಲಿದ್ದಾರಾ? ಸೋಫಾದ ಮೇಲಿದ್ದಾರೆ.”

ಪ್ಲಾಸ್ಟರ್ ಅಣ್ಣ ನಕ್ಕ. ಬಾಯಿಯ ಅಚ್ಚುಗಳಿಗೆ ಪ್ಲಾಸ್ಟರ್ ಹುಯ್ಯುವವನು ಅವನು, ಮೊಣಕೈವರೆಗೆ ಸದಾ ಬೆಳ್ಳಗಿರುತ್ತಿದ್ದ. “ನನ್ನನ್ನ ಕೇಳಿದ್ರೆ ಷಡ್ಡಕನೇ ವಾಸಿ. ಕಳ್ಳ ಅಂತ ಮೊದಲೇ ಗೊತ್ತಿದೆ. ಅವನಿಂದ ಮೋಸ ಅನ್ನೋದೇ ಇಲ್ಲ.”

ಮೂಲೆಯಲ್ಲಿ ಕೂತು ಉಣ್ಣುತ್ತಿದ್ದವಳು ಇದ್ಯಾವುದಕ್ಕೂ ತಲೆ ಎತ್ತುತ್ತಿರಲಿಲ್ಲ. ಮೇಣದಲ್ಲಿ ಹಲ್ಲು ಕೂರಿಸುವ ಕೆಲಸ ಅವಳದು. ಎಂ.ಎ. ಓದಿ ಹಲ್ಲು ಜೋಡಿಸುತ್ತಾಳೆಂದು ಎಲ್ಲರೂ ಅವಳನ್ನು ಎಂಎ ಎಂದೇ ಕರೆಯುತ್ತಿದ್ದರು. ಗಂಡ ಹೋದ ಮೇಲೆ ಸೇರಿದವಳು, ಮಾತು ಕಡಿಮೆ. ಇಷ್ಟು ಅವರಿಗೆ ಗೊತ್ತಿತ್ತು. ಮೊದಲ ಭಾಗದಲ್ಲಿ ಕ್ಯಾಪ್ಟನ್ನನಿಗೆ ದನಿ ಕೊಟ್ಟವರು ಆ ಗಂಡನೇ ಎಂಬುದು ಗೊತ್ತಿರಲಿಲ್ಲ.

ಮಾತನ್ನೇ ದುಡಿಮೆ ಮಾಡಿಕೊಂಡವರು ಅವರು, ಮನೆಯಲ್ಲಿ ಮಾತಾಡದವರು. ಸ್ಟುಡಿಯೋದಿಂದ ಬಂದರೆ ಬಿಸಿನೀರಿನ ಲೋಟ ಹಿಡಿದು ಕೂತುಬಿಡುವರು. ಗಂಟಲಿಗೆ ವಿಶ್ರಾಂತಿ. ಹೂಂ ಎಂದರೆ ಅದೇ ದೊಡ್ಡ ಮಾತು. ಪಕ್ಕದ ಕೋಣೆಯಲ್ಲಿದ್ದರೂ ಫೋನಿನಲ್ಲಿ ಬರೆದು ಕಳಿಸುವರು: ಲೈಟ್ ಆರಿಸು. ಇನ್ನೊಂದು ಹೊದಿಕೆ ಕೊಡು. “ಗೋಡೆ ಜೊತೆ ಸಂಸಾರ ಮಾಡ್ತಿದೀನಿ,” ಎಂದು ಅವಳು ರೇಗಿದರೆ ನಗುವರು, ಅದೂ ಸದ್ದಿಲ್ಲದೆ. ಅವಳ ಫೋನಿನ ತುಂಬ ಅವರು ಬರೆದದ್ದಿತ್ತು, ಮಾತಾಡಿದ್ದು ಒಂದೂ ಇರಲಿಲ್ಲ. ಮದುವೆಯ ವೀಡಿಯೋದಲ್ಲಿ ಮೊದಲಿಂದ ಕೊನೆವರೆಗೆ ಯಾರೋ ಹಾಡು ಹಾಕಿಬಿಟ್ಟಿದ್ದರು.

ಉಳಿದದ್ದು ಕ್ಯಾಪ್ಟನ್ ಒಬ್ಬನೇ. ಯಾರೋ ಬರೆದ ಮಾತು, ಇನ್ನಾರದೋ ಬಾಯಿ, ಎದುರಿಗೆ ಮತ್ತೊಬ್ಬಳು ಹೆಂಗಸು. ಆದರೂ ದನಿ ಅವರದೇ. ಅವರು ಹೋದ ಮೇಲೆ ಅವಳು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಕೇಳುವ ಗಟ್ಟಿತನ ಬರಲಿ ಎಂದು ಕಾಯುತ್ತಿದ್ದಳು. ಎಲ್ಲಿಗೆ ಹೋಗುತ್ತದೆ, ಚಾನೆಲ್ಲಿನ ಆ್ಯಪಿನಲ್ಲಿ ಇದ್ದೇ ಇರುತ್ತದಲ್ಲ ಎಂದುಕೊಂಡಿದ್ದಳು.

ಆ ವಾರದ ಮೊದಲಲ್ಲಿ ಡಬ್ಬಿಂಗ್ ಮೇಷ್ಟ್ರ ಫೋನು ಬಂತು. ಸ್ಟುಡಿಯೋದಲ್ಲಿ ಎಲ್ಲರಿಗೂ ಮಾತು ಹೇಳಿಕೊಡುವವರು ಅವರು. ಅವಳ ಗಂಡನಿಗೂ ಅವರೇ ಗುರು.

“ಎರಡನೇ ಭಾಗ ಮುಗಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಮೊದಲನೇ ಭಾಗ ಮತ್ತೆ ಹಾಕ್ತಾರಂತೆ ಕಣಮ್ಮ,” ಎಂದರು. “ಒಬ್ಬನೇ ಮನುಷ್ಯನಿಗೆ ಎರಡು ದನಿ ಯಾಕೆ ಅಂತ ಮೇಲಿನವರ ತಕರಾರು. ಅದಕ್ಕೆ ನೋಡೋರನ್ನೇ ಕೇಳ್ತಿದ್ದಾರೆ. ಚಾನೆಲ್ ಪುಟದಲ್ಲಿ ಅಭಿಪ್ರಾಯ ಬರೀಬೇಕು. ಹಳೇ ದನಿ ಬೇಕು ಅಂದ್ರೆ ಇದ್ದದ್ದು ಇದ್ದ ಹಾಗೇ ಬರುತ್ತೆ. ಹೊಸದು ಅಂದ್ರೆ, ಈಗ ಮಾತಾಡ್ತಿರೋ ಆ ಹೊಸಬನೇ ಮೊದಲಿಂದ ಎಲ್ಲ ಮತ್ತೆ ಮಾತಾಡ್ತಾನೆ.”

“ಆಗ ಹಳೇದು ಏನಾಗುತ್ತೆ ಮೇಷ್ಟ್ರೇ?”

“ಅಳಿಸ್ತಾರೆ.”

“ಸ್ಟುಡಿಯೋದಲ್ಲಿ ಒಂದು ಪ್ರತಿ...”

“ಇಟ್ಕೊಳ್ಳೋ ಹಾಗಿಲ್ಲ. ಕೊಟ್ಟ ಮೇಲೆ ಅದು ಅವರ ಸ್ವತ್ತು. ಭಾನುವಾರದವರೆಗೆ ಸಮಯ ಇದೆ. ನಿನಗೆ ಗೊತ್ತಿರಲಿ ಅಂತ ಹೇಳಿದೆ.”

ಅವಳು ನಿಂತ ಕಾಲಲ್ಲೇ ಆ್ಯಪು ತೆರೆದಳು. ಮೊದಲ ಭಾಗ ಆಗಲೇ ಅಲ್ಲಿರಲಿಲ್ಲ. ಅದರ ಜಾಗದಲ್ಲಿ, ಹೊಸ ರೂಪದಲ್ಲಿ ಶೀಘ್ರವೇ, ಎಂದಿತ್ತು. ಜನ ಅಲ್ಲಿ ಇಲ್ಲಿ ಹಾಕಿದ್ದ ತುಣುಕುಗಳನ್ನು ಹುಡುಕಿದಳು. ಚಾನೆಲ್ಲಿನವರು ಒಂದನ್ನೂ ಬಿಡದೆ ತೆಗೆಸಿಹಾಕಿದ್ದರು.

ಮರುದಿನ ಮಧ್ಯಾಹ್ನ ಪಾಲಿಶ್ ಅಕ್ಕ ಟೀವಿ ಹಾಕಿ ಕೂತಿದ್ದೇ ತಡ, ಮೂಲೆಯಿಂದ ಮಾತು ಬಂತು.

“ಹೊಸ ದನಿ ಅವನಿಗೆ ಹೊಂದಲ್ಲ.”

ಅತ್ತಿಗೆಯ ತುತ್ತು ಅರ್ಧ ದಾರಿಯಲ್ಲೇ ನಿಂತಿತು. “ನೋಡ್ರಪ್ಪ, ಎಂಎಗೆ ಬಾಯಿ ಬಂತು.”

“ಆ ಕ್ಯಾಪ್ಟನ್ ಎಷ್ಟು ದಣಿದಿದ್ದಾನೆ ನೋಡಿ. ಈ ಹೊಸಬ ಟೂತ್‌ಪೇಸ್ಟ್ ಜಾಹೀರಾತಿಗೆ ಮಾತಾಡಿದ ಹಾಗೆ ಮಾತಾಡ್ತಾನೆ.”

“ಟೂತ್‌ಪೇಸ್ಟ್ ಹೆಸರು ಎತ್ತಬೇಡ ತಾಯಿ,” ಎಂದ ಪ್ಲಾಸ್ಟರ್ ಅಣ್ಣ. “ನಮ್ಮ ಅನ್ನಕ್ಕೆ ಕಲ್ಲು ಹಾಕೋ ವಸ್ತು ಅದು.”

ಅವಳು ನಗಲಿಲ್ಲ. “ಹಳಬರು ಹೆಂಡತಿ ಹತ್ರ ಒಂದು ಥರ, ಹಡಗಿನವರ ಹತ್ರ ಒಂದು ಥರ ಮಾತಾಡ್ತಿದ್ರು. ಇವನಿಗೆ ಎಲ್ಲರೂ ಒಂದೇ. ನೀವೆಲ್ಲ ಹಾಗಂತ ಬರೀಬೇಕು. ಅಭಿಪ್ರಾಯ ಕೇಳ್ತಿದ್ದಾರೆ.”

“ಬರೀತೀನಿ,” ಎಂದಳು ಪಾಲಿಶ್ ಅಕ್ಕ. “ಆದ್ರೆ ನನಗೆ ಅನ್ಸಿದ್ದು ಬರೀತೀನಿ. ಹಳೆಯವನು ಮೊದಮೊದಲು ಚೆನ್ನಾಗೇ ಇದ್ದ, ಇಲ್ಲ ಅನ್ನಲ್ಲ. ಕೊನೆಕೊನೆಗೆ ತುಕ್ಕು ಹಿಡಿದ ಗೇಟು ಎಳೆದ ಹಾಗೆ. ಅರ್ಧ ಮಾತು ನುಂಗಿಬಿಡ್ತಿದ್ದ. ದುಡ್ಡು ತಗೊಂಡ ಮೇಲೆ ನೆಟ್ಟಗೆ ಮಾತಾಡೋಕೆ ಏನು ರೋಗ ಅವನಿಗೆ?”

ಏನು ರೋಗ ಎಂದು ಅವಳಿಗೆ ಗೊತ್ತಿತ್ತು. ಕೊನೆಯ ಕಂತುಗಳನ್ನು ಅವರು ಕುರ್ಚಿಯಲ್ಲಿ ಕೂತು, ಒಂದೊಂದು ವಾಕ್ಯಕ್ಕೂ ನೀರು ಕುಡಿದು ಮುಗಿಸಿದ್ದರು. ಬೇರೆಯವರಿಗೆ ಕೊಡೋಣ ಎಂದು ಮೇಷ್ಟ್ರು ಹೇಳಿದಾಗ ತಲೆಯಲ್ಲಾಡಿಸಿದ್ದರು. ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಕೆಮ್ಮುವರು. ಹೊರಗೆ ಬಂದು ಫೋನಿನಲ್ಲಿ ಬರೆಯುವರು: ಏನಿಲ್ಲ.

ಹೇಳಿಬಿಡಬಹುದಿತ್ತು. ಹೇಳಲಿಲ್ಲ. ದನಿ ಚೆನ್ನಾಗಿತ್ತು ಎಂದು ಜನ ಬರೆಯಬೇಕಿತ್ತು, ಪಾಪ ಎಂದಲ್ಲ.

ಅಂದಿನಿಂದ ಅವಳು ಸುಮ್ಮನೆ ಕೂರಲಿಲ್ಲ. ತಾನೇ ಬರೆದಳು. ಬೇರೆ ಬೇರೆ ಹೆಸರಿನಲ್ಲಿ, ಒಮ್ಮೆ ಗಂಡಸಿನ ಹಾಗೆ, ಒಮ್ಮೆ ಅಜ್ಜಿಯ ಹಾಗೆ ಬರೆದಳು. ಎಲ್ಲ ಒಂದೇ ಫೋನಿನಿಂದ ಬಂದವೆಂದು ಚಾನೆಲ್ಲಿನವರು ಅಷ್ಟನ್ನೂ ಕಿತ್ತುಹಾಕಿದರು. ಮೇಲಿನ ಮನೆಯ ಆಂಟಿಯನ್ನು ಕೇಳಿದಳು. “ನಾನು ಅದರಲ್ಲಿ ಬಟ್ಟೆ ನೋಡ್ತೀನಮ್ಮ, ಮಾತು ಯಾರು ಕೇಳ್ತಾರೆ?” ಎಂದರು ಆಂಟಿ. ಅಮ್ಮನಿಗೆ ಫೋನು ಮಾಡಿದಳು.

“ಅದನ್ನ ಕೇಳ್ಕೊಂಡು ಎಷ್ಟು ದಿನ ಕೂರ್ತೀಯ?” ಎಂದಳು ಅಮ್ಮ. “ಹೋಗಲಿ ಬಿಡು ಮಗಳೇ. ನಿನಗೂ ಹಗುರ ಆಗುತ್ತೆ.”

“ಬರೀತೀಯೋ ಇಲ್ವೋ?”

“ಊಟ ಮಾಡಿದ್ಯಾ?”

ಅವಳು ಫೋನು ಇಟ್ಟಳು. ಕೆಲಸದಲ್ಲಿ ಕೈ ತಪ್ಪತೊಡಗಿತು. ಯಾರದೋ ಬಾಯಿಗೆ ಹೋಗಬೇಕಾದ ಹಲ್ಲುಗಳನ್ನು ಎಡಬಲ ಅದಲುಬದಲು ಕೂರಿಸಿ, ಮೇಣ ಕರಗಿಸಿ ಮತ್ತೆ ಕೂರಿಸಿದಳು. ನಡುನಡುವೆ ಪುಟ ತೆರೆದು ನೋಡುವಳು. ಹೊಸ ದನಿ ಸೂಪರ್. ಹೊಸಬರೇ ಇರಲಿ. ಹಳೇ ದನಿ ನಿದ್ದೆ ಬರಿಸುತ್ತೆ. ಹತ್ತರಲ್ಲಿ ಒಬ್ಬ ಹಳೆಯದು ಎಂದರೆ, ಅವನ ಮನೆಗೆ ಹೋಗಿ ಕಾಲು ಹಿಡಿಯಬೇಕೆನಿಸುತ್ತಿತ್ತು.

ಶನಿವಾರ ಊಟ ಮುಗಿಸಿ ಪಾಲಿಶ್ ಅಕ್ಕ ಫೋನು ಹಿಡಿದು ಕೂತಳು. ತೋರುಬೆರಳಿನಿಂದ ಒಂದೊಂದೇ ಅಕ್ಷರ ಕುಟ್ಟುತ್ತ ಗಟ್ಟಿಯಾಗಿ ಓದಿಕೊಂಡಳು. “ಹೊಸ... ದನಿಯೇ... ಇರಲಿ. ದೀರ್ಘ ಎಲ್ಲಿ ಅತ್ತಿಗೆ ಇದರಲ್ಲಿ?”

ಮೂಲೆಯಲ್ಲಿದ್ದವಳು ಎದ್ದು ಬಂದು ಅಕ್ಕನ ಮಣಿಕಟ್ಟು ಹಿಡಿದುಕೊಂಡಳು.

“ಕಳಿಸಬೇಡಿ ಅಕ್ಕ.”

“ಬಿಡೇ, ಇದೇನು ಹುಚ್ಚು. ಒಂದು ಸೀರಿಯಲ್‌ಗೆ ಹೀಗಾ ಆಡೋದು?”

“ಅದು ನಮ್ಮನೆಯವರ ದನಿ.”

ಪ್ಲಾಸ್ಟರ್ ಅಣ್ಣ ಹೋಗಿ ಟೀವಿ ಆರಿಸಿದ. ಅವಳು ಹಿಡಿದ ಕೈ ಬಿಡದೆ, ಮೇಷ್ಟ್ರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಕೊನೆಕೊನೆಗೆ ದನಿ ಯಾಕೆ ಹಾಗಿತ್ತು ಎಂಬುದನ್ನೂ ಹೇಳಿದಳು. ಪಾಲಿಶ್ ಅಕ್ಕ ಇನ್ನೊಂದು ಕೈಯಿಂದ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು.

“ಈ ಬಾಯಿಗೆ ಬೆಂಕಿ ಬೀಳ. ಇಷ್ಟು ದಿನ ನಿನ್ನ ಎದುರಿಗೇ ಕೂತು ಏನೇನು ಆಡಿದೆ. ಮೊದಲೇ ಹೇಳಬಾರದಿತ್ತೇನೇ?”

“ಈಗ ಬರೀರಿ ಅಕ್ಕ. ಹಳೇದೇ ಇರಲಿ ಅಂತ ಬರೀರಿ.”

“ನಾನಲ್ಲ, ಊರಿಗೆ ಊರೇ ಬರೆಯೋ ಹಾಗೆ ಮಾಡ್ತೀನಿ. ಅತ್ತಿಗೆ, ಫೋನ್ ತಗೋ. ನಿನಗೆ ಅಕ್ಷರ ಓಡುತ್ತೆ.”

ಅತ್ತಿಗೆ ಬರೆದಳು. ಕಣ್ಣೊರೆಸಿಕೊಳ್ಳುತ್ತ, ಚೆನ್ನಾಗಿಯೇ ಬರೆದಳು. ಕ್ಯಾಪ್ಟನ್ನನ ಹಳೆಯ ದನಿ ಇವತ್ತು ನಮ್ಮ ನಡುವೆ ಇಲ್ಲ. ಸಾಯುವ ನೋವಿನಲ್ಲೂ ನಮಗಾಗಿ ಮಾತಾಡಿದವರು ಅವರು. ಅವರ ಹೆಂಡತಿ ನಮ್ಮ ಜೊತೆ ಕೆಲಸ ಮಾಡುತ್ತಾಳೆ. ದಯವಿಟ್ಟು ಆ ದನಿ ಉಳಿಸಿ. ಪ್ಲಾಸ್ಟರ್ ಅಣ್ಣ ಅದನ್ನು ಸಿಕ್ಕಸಿಕ್ಕವರಿಗೆಲ್ಲ ಕಳಿಸಿದ. ಎಂಎಗೆ ಆ ವಾರ ಮೊದಲ ಬಾರಿಗೆ ಹಸಿವೆನಿಸಿತು.

ಸಂಜೆ ಮನೆಗೆ ಬಂದು ನೋಡಿದರೆ ಪುಟದ ತುಂಬ ಜನ. ಕೆಳಗೆ ಎಳೆದಷ್ಟೂ ಮುಗಿಯುತ್ತಿರಲಿಲ್ಲ. ಜೋಡಿಸಿದ ಕೈಗಳು. ಅಳುವ ಮುಖಗಳು. ಅವರ ಆತ್ಮಕ್ಕೆ ಶಾಂತಿ ಸಿಗಲಿ. ಮಹಾನ್ ಕಲಾವಿದ. ಮತ್ತೆ ಜೋಡಿಸಿದ ಕೈಗಳು. ಹಳೆಯ ದನಿಯೇ ಇರಲಿ ಎಂಬ ಮಾತಿಗಾಗಿ ಅವಳು ಹೆಬ್ಬೆರಳು ನೋಯುವಷ್ಟು ಕೆಳಗೆ ಹೋದಳು. ಸಾವಿನ ಮನೆಗೆ ಬಂದವರ ಹಾಗೆ ಎಲ್ಲರೂ ಕೈ ಮುಗಿದು ಹೊರಡುತ್ತಿದ್ದರು. ಯಾಕೆ ಬಂದೆವೆಂಬುದು ಯಾರಿಗೂ ನೆನಪಿದ್ದಂತಿರಲಿಲ್ಲ.

ಆಮೇಲೆ ಒಬ್ಬಳು ಬರೆದಳು: ಇದನ್ನು ತಿಳಿದ ಮೇಲೆ ಆ ದನಿ ಕೇಳಲು ನನ್ನಿಂದಾಗದು, ಸಂಕಟವಾಗುತ್ತದೆ, ಹೊಸಬರದೇ ಹಾಕಿ. ಅದರ ಕೆಳಗೆ ಇನ್ನೊಬ್ಬ: ನಿಜ, ಸತ್ತವರು ಮಾತಾಡುವುದನ್ನು ಮನೆಮಂದಿಯೆಲ್ಲ ಕೂತು ನೋಡುವುದು ಹೇಗೆ? ಆ ಮಾತು ಎಲ್ಲರಿಗೂ ಹಿಡಿಸಿತು. ಹಳೆಯದೇ ಬೇಕೆಂದು ಮೊದಲು ಬರೆದಿದ್ದ ಒಬ್ಬರು ಬಂದು, ಕ್ಷಮಿಸಿ, ನನ್ನ ಅಭಿಪ್ರಾಯ ಬದಲಿಸಿದ್ದೇನೆ ಎಂದರು.

ಸೋಮವಾರ ಮೇಷ್ಟ್ರು ಫೋನು ಮಾಡಿದರು. ಹೊಸಬನ ದನಿಯೇ ಎಂದು ತೀರ್ಮಾನವಾಗಿತ್ತು.

“ಮೊದಲನೇ ಕಂತಿನ ಶುರುವಲ್ಲಿ ಅವನ ಫೋಟೋ ಹಾಕ್ತಾರಂತೆ,” ಎಂದರು. “ಗೌರವಕ್ಕೆ.”

“ಫೋಟೋ ನನ್ನ ಹತ್ರ ಇದೆ ಮೇಷ್ಟ್ರೇ,” ಎಂದಳು ಅವಳು.

ಮೊದಲ ಭಾಗ ಮರುಪ್ರಸಾರವಾದ ದಿನ ಪಾಲಿಶ್ ಅಕ್ಕ ಟೀವಿ ಹಾಕಲಿಲ್ಲ. ರಿಮೋಟನ್ನು ಡಬ್ಬಿಯ ಕೆಳಗೆ ಮುಚ್ಚಿಟ್ಟಿದ್ದಳು. ಎಂಎಯೇ ಬಂದು ಅದನ್ನೆಳೆದು ಒತ್ತಿದಳು. ಫೋಟೋ ಬಂತು, ಹೋಯಿತು. ಕ್ಯಾಪ್ಟನ್ ಮನೆಯಿಂದ ಹೊರಡುವ ದೃಶ್ಯ. ಹೊಸಬ ಬಾಯಿ ತೆರೆದ ಕೂಡಲೇ ಅತ್ತಿಗೆ ರಿಮೋಟು ಕಸಿದುಕೊಂಡು ದನಿ ಅಡಗಿಸಿದಳು. ತೆರೆಯ ಮೇಲೆ ಕ್ಯಾಪ್ಟನ್ ಸುಮ್ಮನೆ ತುಟಿಯಾಡಿಸುತ್ತಿದ್ದ.

ಆ ಬಿಗುವು ತಾಳಲಾರದೆ ಪ್ಲಾಸ್ಟರ್ ಅಣ್ಣ ಎದೆಯುಬ್ಬಿಸಿ, ದನಿ ದಪ್ಪ ಮಾಡಿ, ಕ್ಯಾಪ್ಟನ್ನನ ತುಟಿಗೆ ಮಾತು ಕೂಡಿಸಿದ. “ಬಾಗಿಲು ಹಾಕ್ಕೋ. ನಾನು ಬರೋದು ತಡ ಆಗುತ್ತೆ.”

“ಥೂ, ಹಾಗಲ್ಲ,” ಎಂದಳು ಪಾಲಿಶ್ ಅಕ್ಕ. “ಅವರು ಅಷ್ಟು ಜೋರು ಮಾಡ್ತಿರಲಿಲ್ಲ. ಬಾಗಿಲು ಹಾಕ್ಕೋ ಅಂದು ಸ್ವಲ್ಪ ನಿಲ್ಲೋರು.”

“ನಿಲ್ಲೋದು ಅಲ್ಲಲ್ಲ, ‘ನಾನು’ ಆದ ಮೇಲೆ,” ಎಂದಳು ಅತ್ತಿಗೆ. ತಾನೂ ಅಂದು ತೋರಿಸಿದಳು. ಅಕ್ಕ ತನ್ನ ಥರ ಅಂದಳು. ಯಾರದು ಸರಿ ಎಂದು ಅವರೊಳಗೇ ಜಗಳ ಹತ್ತಿತು. ಪಾಪ, ಅವಳಿಗಾಗಿಯೇ ಮಾಡುತ್ತಿದ್ದರು.

“ನೀನೇ ಹೇಳಮ್ಮ,” ಎಂದ ಪ್ಲಾಸ್ಟರ್ ಅಣ್ಣ. “ಹೇಗನ್ನೋರು?”

ಅವಳು ಕಣ್ಣು ಮುಚ್ಚಿದಳು. ಶಬ್ದಗಳು ಒಂದೊಂದೂ ಬಂದವು. ನಿಲ್ಲುವ ಜಾಗವೂ ಗೊತ್ತಿತ್ತು. ದನಿ ಬರಲಿಲ್ಲ. ಇನ್ನೊಮ್ಮೆ ತಡಕಿದಳು. ಬಂದದ್ದು ಪ್ಲಾಸ್ಟರ್ ಅಣ್ಣನ ದನಿ, ಅದರ ಹಿಂದೆ ಪಾಲಿಶ್ ಅಕ್ಕನದು, ಅದರ ಹಿಂದೆ ಆ ಹೊಸಬನದು. ಅದರಾಚೆಗೆ ಏನೂ ಇರಲಿಲ್ಲ.

“ಅಣ್ಣ, ಇನ್ನೊಂದ್ಸಲ ಹೇಳಿ,” ಎಂದಳು ಕಣ್ಣು ತೆರೆಯದೆ.

ಅವನು ಹೇಳಿದ.

“ಅಷ್ಟು ದಪ್ಪ ಅಲ್ಲ. ಸ್ವಲ್ಪ ಕೆಳಗೆ.”

ಅವನು ದನಿ ಇಳಿಸಿದ.

“ಇನ್ನೂ ಕೆಳಗೆ. ಉಸಿರು ಮೊದಲು ಬರಬೇಕು.”

ಊಟದ ಹೊತ್ತು ಮುಗಿದ ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಟೀವಿಯಲ್ಲಿ ಕ್ಯಾಪ್ಟನ್ ಹೊರಟುಹೋಗಿದ್ದ, ಹೆಂಡತಿಯೊಬ್ಬಳೇ ಕಿಟಕಿಯ ಬಳಿ ನಿಂತಿದ್ದಳು. ಪ್ಲಾಸ್ಟರ್ ಅಣ್ಣ ಮತ್ತೆ ಹೇಳಿದ, ಮತ್ತೂ ಹೇಳಿದ, ಕೊನೆಗೆ ಗಂಟಲು ಕಟ್ಟಿ ಕೆಮ್ಮಿದ.

“ಇದಕ್ಕಿಂತ ಕೆಳಗೆ ಹೋಗೋಕೆ ನನಗೆ ಬರಲ್ಲಮ್ಮ.”

“ಬರುತ್ತೆ ಅಣ್ಣ,” ಎಂದಳು ಅವಳು. “ನೀರು ಕುಡೀರಿ. ಕುಡಿದು ಹೇಳಿ.”