ಹೆಸರು ಹಿಡಿದು

ಕೈಯೇನೋ ಹಿಡಿದಾಗಿತ್ತು, ಹೆಸರು ಮಾತ್ರ ನಾಲಿಗೆಗೆ ಬರಲಿಲ್ಲ. ಚರ್ಚಿನ ಬಾಗಿಲಲ್ಲಿ ಬೆರಿಲ್ ಅಜ್ಜಿ ಆ ಯುವಕನ ಮುಖವನ್ನೇ ನೋಡುತ್ತ ನಿಂತುಬಿಟ್ಟಳು.

ವನುವಾಟುವಿನಿಂದ ಕ್ವೀನ್ಸ್‌ಲ್ಯಾಂಡಿನ ನಮ್ಮೂರಿಗೆ ವರ್ಷಾವರ್ಷ ಟೊಮೆಟೊ ಕೀಳಲು ಬರುವವರನ್ನು ತೋಟದಲ್ಲಿ ಕರೆಯುವುದು "ಏಯ್, ನೀನು" ಎಂದೇ. ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆದು, ಮನೆಮಂದಿಯನ್ನೆಲ್ಲ ವಿಚಾರಿಸಿ ಒಳಗೆ ಬಿಡುವವಳು ಬೆರಿಲ್ ಒಬ್ಬಳೇ. ಅವರ ಬಾಯಲ್ಲಿ ಅವಳು 'ಬೂಬು', ಅಂದರೆ ಅಜ್ಜಿ. "ದೇವರಿಗೆ ನನ್ನ ಹೆಸರು ಗೊತ್ತಂತೆ. ಇವರದ್ದು ನಾನು ತಿಳ್ಕೊಳ್ದಿದ್ರೆ ಹೇಗೆ?" ಎನ್ನುವಳು.

ಈಚೆಗೆ ಅವಳಿಗೆ ಮರೆವು ಹಿಡಿದಿತ್ತು. ಚರ್ಚಿನ ಪಾರುಪತ್ಯದ ಕ್ಲೈವ್ ಕೆಟ್ಟವನಲ್ಲ, ಆದರೆ ಖಡಾಖಂಡಿ. "ಇದೊಂದು ಭಾನುವಾರ ನೋಡೋಣ ಬೆರಿಲ್. ತಡವರಿಸಿದ್ರೆ ಮುಂದಿನ ವಾರದಿಂದ ಒಳಗೆ ಕೂತ್ಕೊಳ್ಳಿ" ಎಂದಿದ್ದ. ಆ ಬಾಗಿಲು ಬಿಟ್ಟರೆ ಅವಳಿಗೆ ಇನ್ನೇನಿತ್ತು?

ಯುವಕನ ಹಿಂದೆ ನಿಂತವನು ಕೂಗಿದ. "ಲೇ ಕಲ್ತಾಕ್, ಬೂಬು ಕೈ ಕಿತ್ಕೊಂಡು ಹೋಗ್ತೀಯೇನೋ? ನಡಿಯೋ ಮುಂದೆ!"

ಬೆರಿಲ್ ಮುಖ ಅರಳಿತು. "ಕಲ್ತಾಕ್! ಹೆಂಡ್ತಿಗೆ ಹೆರಿಗೆ ಆಯ್ತೇನೋ?"

"ಹೆಣ್ಣು ಮಗು, ಬೂಬು."

ಕೂಗಿದವನನ್ನು ಅವನ ಹಿಂದಿನವನು ಬೈದ. "ಇಯಾರೂ, ಕಾಲು ಒರೆಸ್ಕೊಳ್ಳೋ ಕೋಣ!" ಯಾರೂ ಮೊದಲೇ ಮಾತಾಡಿಕೊಂಡದ್ದಲ್ಲ. ಸಾಲಿಗೆ ಸಾಲೇ ಹೀಗೆ ಬೂಬುಗೆ ಕೇಳುವಂತೆ ಒಬ್ಬರನ್ನೊಬ್ಬರು ಹೆಸರು ಹಿಡಿದು ಬೈಯುತ್ತ ಒಳಗೆ ನಡೆಯಿತು. ಬೈಗುಳ ಕೇಳಿ ಕಣ್ಣು ತುಂಬಿದ್ದು ನಮಗೆ ಅಂದೇ ಮೊದಲು.

ತೋಟದವರಲ್ಲಿ ಕೊನೆಯವನು ಸಂಕೋಚದ ಪ್ರಾಣಿ. ಅವನ ಹಿಂದೆ ಇದ್ದವನು ಕ್ಲೈವ್. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದರೂ ಕ್ಲೈವ್‌ಗೆ ಅವನ ಹೆಸರು ಗೊತ್ತಿರಲಿಲ್ಲ. ಬೆರಿಲ್ ಕಾದಳು. ಕ್ಲೈವ್ ಕಿವಿಯವರೆಗೂ ಕೆಂಪಾದ. ಮುಂದಿದ್ದವನ ಹೆಗಲ ಮೇಲೆ ಕೈಯಿಟ್ಟು, "ನಿನ್ನ ಹೆಸರೇನು ಮಾರಾಯ?" ಎಂದು ಪಿಸುಗುಟ್ಟಿದ.

"ನಾಕೌ."

"ನಾಕೌ ಬಂದಿದಾನೆ, ಬೆರಿಲ್!" ಕ್ಲೈವ್ ಗಟ್ಟಿಯಾಗಿಯೇ ಹೇಳಿದ.

"ಬಾಪ್ಪಾ ನಾಕೌ, ಬಾ." ಅವನನ್ನು ಒಳಗೆ ಬಿಟ್ಟು ಬೆರಿಲ್ ಕ್ಲೈವ್‌ನ ಕೈ ಹಿಡಿದಳು. ಹಿಡಿದವಳು ಬಿಡಲಿಲ್ಲ, ಕಣ್ಣು ಅವನ ಮುಖದಲ್ಲಿ ಏನನ್ನೋ ಹುಡುಕುತ್ತಿತ್ತು.

ಒಳಗೆ ನಾಲ್ಕು ಹೆಜ್ಜೆ ಹೋಗಿದ್ದ ನಾಕೌ ತಿರುಗಿ ನಿಂತ.

"ಕ್ಲೈವಣ್ಣ, ಬೇಗ ಬನ್ನಿ," ಎಂದು ಕೂಗಿದ. "ಹಾಡು ಶುರುವಾಯ್ತು."