ತಾಯಮ್ಮನ ಸೊಂಟದ ಹುಳುಕಡ್ಡಿ

ಪುಣೆಯ ಸದಾಶಿವ ಪೇಠದಲ್ಲಿ ತಾಯಮ್ಮನ ರೊಟ್ಟಿ ಖಾನಾವಳಿ ಇದೆ. ಕೋಚಿಂಗ್ ಕ್ಲಾಸಿನ ಹುಡುಗರು ಅಲ್ಲೇ ಉಣ್ಣುತ್ತಾರೆ. ದಿನವಿಡೀ ಒಲೆಯ ಮುಂದೆ ಬೆವರುವ ತಾಯಮ್ಮನಿಗೆ ಲಂಗದ ಲಾಡಿ ಕಟ್ಟುವ ಜಾಗದಲ್ಲಿ ತುರಿಕೆ ಹತ್ತಿತು. ಬಳೆಯಂಥ ದುಂಡನೆಯ ಕೆಂಪು ಕಲೆ. ತೋರಿಸುವ ಜಾಗವೇ ಅದು? ಗಂಡ ಚನ್ನವೀರ ಔಷಧಿ ಅಂಗಡಿಯಿಂದ ಒಂದು ಟ್ಯೂಬ್ ತಂದುಕೊಟ್ಟ. ಹಚ್ಚಿದರೆ ತುರಿಕೆ ಮಾಯ. ಬಿಟ್ಟರೆ ಮತ್ತೆ ಹಾಜರು, ಮೊದಲಿಗಿಂತ ಅಗಲವಾಗಿ.

‘ಔಷಧ ಖರೇ ಇದ್ರ ಯಾಕ ಹೊಳ್ಳಿ ಬರ್ತದ?’ ಎಂದು ತಾಯಮ್ಮ ರೊಟ್ಟಿ ಬಡಿಯುತ್ತಲೇ ಯೋಚಿಸುತ್ತಿದ್ದಳು.

ಒಂದು ಬೆಳಿಗ್ಗೆ ಸೊಸೆ ಇಂಪನಾ ಮಗಳಿಗೆ ಸ್ನಾನ ಮಾಡಿಸುತ್ತಿದ್ದವಳು ಕೂಗಿದಳು. “ಅತ್ತಿ, ಇಲ್ಲಿ ಬರ್ರಿ! ಪ್ರಾಚಿ ತೊಡಿ ಮ್ಯಾಲೆ ಇದೇನ್ರಿ?”

ಅದೇ ಬಳೆ! ಮೊಮ್ಮಗಳನ್ನು ದಿನಾ ಸೊಂಟದ ಮೇಲೆ ಎತ್ತಿಕೊಂಡು ತಿರುಗುವವಳು ತಾಯಮ್ಮನೇ. ಇಷ್ಟು ದಿನ ಮುಚ್ಚಿಟ್ಟದ್ದನ್ನು ಅವಳು ಸೊಸೆಗೆ ತೋರಿಸಿಬಿಟ್ಟಳು.

“ನಡೀರಿ, ಚರ್ಮದ ಡಾಕ್ಟರ್ ಕಡೆ ಹೋಗೂಣು,” ಎಂದಳು ಇಂಪನಾ.

“ಹುಳುಕಡ್ಡಿಗೆ ಯಾರರ ಡಾಕ್ಟರ್ ಕಡೆ ಹೋಗ್ತಾರೇನ? ಇನ್ನೊಂದು ಟ್ಯೂಬ್ ತರ್ತೀನಿ,” ಎಂದ ಚನ್ನವೀರ. ಆದರೂ ಗೊಣಗುತ್ತಲೇ ಜೊತೆಗೆ ಬಂದ.

ಚರ್ಮದ ಡಾಕ್ಟರ್ ಸಾಯಲಿಯ ತವರು ಬೆಳಗಾವಿ, ಹಾಗಾಗಿ ಕನ್ನಡ ಬರುತ್ತಿತ್ತು. ಆಕೆ ಕಲೆಯ ಅಂಚನ್ನು ನೋವಾಗದಂತೆ ಕೆರೆದು, ಉದುರಿದ ಹೊಟ್ಟನ್ನು ಗಾಜಿನ ತುಣುಕಿನ ಮೇಲಿಟ್ಟು, ಒಂದು ಹನಿ ದ್ರಾವಣ ಹಾಕಿದರು. ಸ್ವಲ್ಪ ಹೊತ್ತಿಗೆ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, “ನೀವೂ ನೋಡ್ತೀರೇನ್ರಿ?” ಎಂದರು.

ತಾಯಮ್ಮ ಒಂದು ಕಣ್ಣು ಮುಚ್ಚಿ ಬಗ್ಗಿದಳು. ನೂಲಿನ ಎಳೆಗಳಂಥದ್ದೇನೋ ಕವಲೊಡೆದು ಹಬ್ಬಿತ್ತು.

“ಹುಳಾ ಎಲ್ಲಿ ಅದಾವ್ರಿ?”

“ಹುಳಾ ಇಲ್ರಿ ಅಮ್ಮಾ, ಹೆಸರಷ್ಟ ಹುಳುಕಡ್ಡಿ. ಇದು ಬೂಷ್ಟು. ತಂಗಳ ಚಪಾತಿ ಮ್ಯಾಲೆ ಬರ್ತದಲ್ಲ, ಆ ಜಾತೀದು. ಬೆವರಿದ ಜಾಗಾ ಅದಕ್ಕ ಭಾಳ ಸೇರ್ತದ.”

“ಮತ್ತ ಟ್ಯೂಬ್ ಹಚ್ಚಿದ್ರ ಹೋಗ್ತಿತ್ತಲ್ರಿ?”

“ಅದರಾಗ ಸ್ಟಿರಾಯ್ಡ್ ಅದ್ರಿ. ತುರಿಕಿ ಅಡಗಸ್ತದ, ಬೂಷ್ಟು ಮಾತ್ರ ಒಳಗಿಂದೊಳಗ ಬೆಳೀತದ. ಭಾಳ ದಿನ ಹಚ್ಚಿದ್ರ ಚರ್ಮಾನೂ ತೆಳ್ಳಗಾಗ್ತದ.”

ಡಾಕ್ಟರ್ ಮಗುವಿಗೆ ಬರೀ ಮುಲಾಮು, ತಾಯಮ್ಮನಿಗೆ ಮುಲಾಮಿನ ಜೊತೆ ಮಾತ್ರೆಯನ್ನೂ ಬರೆದರು. “ಕಲಿ ಹೋತು ಅಂತ ನಡುವ ಬಿಡಬ್ಯಾಡ್ರಿ. ನಾ ಸಾಕು ಅನ್ನೂತನ ಹಚ್ಚರಿ. ಟಾವೆಲ್ ಬ್ಯಾರೆ ಬ್ಯಾರೆ ಇರ್ಲಿ. ಅರಿವಿ ಬಿಸಿನೀರಾಗ ಒಗದು ಬಿಸಿಲಿಗೆ ಹಾಕ್ರಿ. ಮನ್ಯಾಗ ಇನ್ಯಾರಿಗರ ಅದ ಏನ್ರಿ? ಒಬ್ಬರಿಗೆ ಉಳದ್ರೂ ಎಲ್ಲಾರಿಗೂ ಹೊಳ್ಳಿ ಬರ್ತದ.”

“ಇಲ್ರಿ, ಯಾರಿಗೂ ಇಲ್ಲ,” ಎಂದಳು ತಾಯಮ್ಮ.

ಹಿಂದೆ ನಿಂತ ಚನ್ನವೀರ ಕೆಮ್ಮಿದ. ಅವನ ಕಣ್ಣು ಆಗಿನಿಂದ ಸೂಕ್ಷ್ಮದರ್ಶಕದ ಮೇಲೇ ಇತ್ತು. ಮೆಲ್ಲಗೆ ಪ್ಯಾಂಟಿನ ಕಾಲು ಮೇಲೆತ್ತಿದ. ಮೀನಖಂಡದ ಮೇಲೆ ಎರಡು ದುಂಡು ಕಲೆ!

“ನಾನೂ ಅದ ಟ್ಯೂಬ್ ಹಚ್ಚೀನ್ರಿ. ನಂದೂ ಅದರಾಗ ಕಾಣ್ತದೇನ್ರಿ, ಡಾಕ್ಟ್ರ?”

ತಾಯಮ್ಮ ಬಾಯಿಗೆ ಸೆರಗು ಹಿಡಿದಳು, ಸಿಟ್ಟಿಗೋ ನಗೆಗೋ. ಅವತ್ತು ಮೂವರಿಗೂ ಔಷಧಿ ತೆಗೆದುಕೊಂಡೇ ಎಲ್ಲರೂ ಮನೆಗೆ ಬಂದರು. ಪ್ರಾಚಿಯ ಕಲೆ ಬೇಗ ಹೋಯಿತು. ಟ್ಯೂಬ್ ಹಚ್ಚಿದ್ದ ಹಿರಿಯರದು ಮಾತ್ರ ಹಟ ಮಾಡಿತು. ಆದರೂ ಅವರು ನಡುವೆ ಬಿಡಲಿಲ್ಲ. ಕಡೆಗೊಂದು ದಿನ ಡಾಕ್ಟರೇ “ಇನ್ನ ಸಾಕ್ರಿ” ಎಂದರು. ಅಂದು ತಾಯಮ್ಮ ಮೊಮ್ಮಗಳನ್ನು ಅಂಜಿಕೆಯಿಲ್ಲದೆ ಸೊಂಟಕ್ಕೇರಿಸಿಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಮರೆಯಲ್ಲಿ ತುರಿಸಿಕೊಳ್ಳುತ್ತಿದ್ದಾರೆಯೇ? ನಾಚಿಕೆ ಬಿಟ್ಟು ಕೇಳಿ. ಕಂಡಕಂಡ ಟ್ಯೂಬ್ ಹಚ್ಚಬೇಡಿ. ಹತ್ತಿರದ ಚರ್ಮರೋಗ ತಜ್ಞರ ಬಳಿ ಮನೆಮಂದಿಯೆಲ್ಲ ಒಟ್ಟಿಗೇ ಹೋಗಿ.